ಅಕ್ಕನ ಆರ್‌ಡಿ, ತಮ್ಮನ ಆಟೋ: 2020ರ ಒಂದು ಮನೆಯ ಲೆಕ್ಕ

ತಾಲ್ಲೂಕಿನ ಮಹಿಳಾ ಸಂಘಗಳಿಗೆ ಲೆಕ್ಕ ಬರೆಯೋದು ಕಲಿಸುವ ಕೆಲಸ ನನ್ನದು. ಸಾಲ, ಬಡ್ಡಿ, ಉಳಿತಾಯ ಅಂತ ಮಾತು ಶುರುವಾದಾಗಲೆಲ್ಲ ನಾನು ಹೇಳುವುದು ಈ ಒಂದು ಮನೆಯ ಕಥೆ. ಹೇಳೋಕೆ ಮನೆಯವರ ಒಪ್ಪಿಗೆ ಇದೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಸಂಬಳ ಮತ್ತು ಸಾಲದ ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ಸರ್ಕಾರದ ಅಂಕಿಗಳು ಮಾತ್ರ ಇದ್ದ ಹಾಗೇ ಇವೆ.

ಮನೆಯಲ್ಲಿ ಯಾರು ಯಾರು

ಅಕ್ಕ ಅಂಚೆ ಇಲಾಖೆಯಲ್ಲಿ ಪೋಸ್ಟಲ್ ಅಸಿಸ್ಟೆಂಟ್. ತಾಲ್ಲೂಕು ಕೇಂದ್ರದ ಪೋಸ್ಟ್ ಆಫೀಸಿನ ಕೌಂಟರ್‌ನಲ್ಲಿ ಕೆಲಸ. 2020ರಲ್ಲಿ ಅವರ ಮೂಲ ವೇತನ 36,000. ಗಂಡ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತ. ಇಬ್ಬರು ಮಕ್ಕಳು. ಮನೆ ಸ್ವಂತದ್ದು, ಕಾಂಪೌಂಡ್ ಮಾತ್ರ ಇನ್ನೂ ಆಗಿರಲಿಲ್ಲ.

ತಮ್ಮ ಅದೇ ಊರಲ್ಲಿ ಆಟೋ ಓಡಿಸುತ್ತಾನೆ. ಆಟೋ ಮೇಲೆ ಫೈನಾನ್ಸ್ ಸಾಲ ಇತ್ತು. 2020ರ ಮಾರ್ಚ್‌ಗೆ ಬಾಕಿ 1,50,000. ಬಡ್ಡಿ ಶೇ. 14. ತಿಂಗಳ ಕಂತು 5,127, ಇನ್ನೂ 36 ಕಂತು. ಅಮ್ಮ ಊರಾಚೆ ಹಳ್ಳಿಯಲ್ಲಿ, ಅರ್ಧ ಎಕರೆ ಹೂವಿನ ತೋಟ ನೋಡಿಕೊಂಡು ಇದ್ದರು.

ಇನ್ನೊಬ್ಬರನ್ನೂ ಹೇಳಬೇಕು. ಅಕ್ಕನ ಮನೆಗೆ ದಿನಾ ಬೆಳಿಗ್ಗೆ ಪಾತ್ರೆ, ನೆಲ ಅಂತ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ತಿಂಗಳಿಗೆ 1,800. ಈ ಕಥೆಯನ್ನು ತಿರುಗಿಸಿದವರು ಅವರೇ. ಆದರೆ ಮೊದಮೊದಲು ನಾನು ಹೇಳುವಾಗ ಅವರ ಹೆಸರೇ ಬರುತ್ತಿರಲಿಲ್ಲ.

ಏಪ್ರಿಲ್‌ನ ಪಟ್ಟಿ

2020ರ ಮಾರ್ಚ್ 13ಕ್ಕೆ ಕೇಂದ್ರ ಸಚಿವ ಸಂಪುಟ ತುಟ್ಟಿಭತ್ಯೆಯನ್ನು (ಡಿಎ) ಶೇ. 17ರಿಂದ 21ಕ್ಕೆ ಏರಿಸಿತ್ತು. ಹತ್ತು ದಿನದಲ್ಲಿ ಲಾಕ್‌ಡೌನ್. ಏಪ್ರಿಲ್ 23ಕ್ಕೆ ಹಣಕಾಸು ಸಚಿವಾಲಯದ ಆದೇಶ ಬಂತು: ಆ ಏರಿಕೆ ಇಲ್ಲ, ಮುಂದಿನ ಜುಲೈದೂ ಇಲ್ಲ, 2021ರ ಜನವರಿದೂ ಇಲ್ಲ. ಎಲ್ಲ ಶೇ. 17ಕ್ಕೇ ನಿಲ್ಲುತ್ತದೆ, ಬಾಕಿಯೂ ಸಿಗುವುದಿಲ್ಲ. ಅಷ್ಟರಲ್ಲಿ ಸಂಸದರ ಸಂಬಳವನ್ನು ಒಂದು ವರ್ಷ ಶೇ. 30 ಕಡಿತ ಮಾಡಿದ್ದರು, ಸಂಸದರ ನಿಧಿಯನ್ನು ಎರಡು ವರ್ಷ ನಿಲ್ಲಿಸಿದ್ದರು. ನಮ್ಮ ರಾಜ್ಯದಲ್ಲೂ ಶಾಸಕರ ಸಂಬಳ ಶೇ. 30 ಇಳಿಯಿತು. ಟಿವಿಯಲ್ಲಿ ದಿನವೂ ತ್ಯಾಗದ ಮಾತು.

ಅಕ್ಕನಿಗೆ ಭಯ ಆಯಿತು. ಡಿಎ ಹೋದದ್ದಕ್ಕಿಂತ ಗಂಡನ ಶಾಲೆಯ ಸುದ್ದಿ ಜಾಸ್ತಿ ಹೆದರಿಸಿತ್ತು. ಫೀಸು ಬರದಿದ್ದರೆ ಜೂನ್‌ನಿಂದ ಅರ್ಧ ಸಂಬಳ ಅಂತ ಶಾಲೆಯವರು ಆಗಲೇ ಹೇಳಿದ್ದರು. ಹಾಗೇ ಆಯಿತು ಕೂಡ. ಅಕ್ಕ ಹಳೆಯ ಡೈರಿ ತೆಗೆದು ಪಟ್ಟಿ ಮಾಡಿದರು. ಹಾಲು ಒಂದು ಲೀಟರಿಂದ ಅರ್ಧಕ್ಕೆ. ಟೈಲರ್‌ಗೆ ಕೊಡಬೇಕಿದ್ದ ಬ್ಲೌಸ್ ಪೀಸುಗಳು ಬೀರುವಿನಲ್ಲೇ. ಕಾಂಪೌಂಡ್ ಕೆಲಸ ಮುಂದಕ್ಕೆ, ಅದಕ್ಕೆ ಎತ್ತಿಟ್ಟಿದ್ದ 60,000 ಮುಟ್ಟುವ ಹಾಗಿಲ್ಲ. ಮನೆಗೆಲಸ ಬೇಡ. ತಮ್ಮನಿಗೆ ಕೈಸಾಲ ಇಲ್ಲ. ಹೀಗೆ ಮಿಕ್ಕದ್ದರಲ್ಲಿ ತಿಂಗಳಿಗೆ 5,000ದ ಹೊಸ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಪೋಸ್ಟ್ ಆಫೀಸ್ ಉಳಿತಾಯ.

ಆ ಪಟ್ಟಿಯನ್ನು ಫೋನಿನಲ್ಲಿ ನನಗೆ ಓದಿ ಹೇಳಿದ್ದರು. "ಒಳ್ಳೇ ಕೆಲಸ ಮಾಡಿದ್ರಿ ಮೇಡಂ" ಅಂದೆ. ಎಷ್ಟೋ ವರ್ಷದಿಂದ ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಪಾಠ ಮಾಡಿದವನು ಇನ್ನೇನು ಹೇಳುತ್ತೇನೆ? ಇದೂ ಪ್ರಕರಣದ ಒಂದು ಭಾಗ, ಅದಕ್ಕೇ ಬರೆಯುತ್ತಿದ್ದೇನೆ.

ತಮಾಷೆ ಏನಂದರೆ, ಆ ಹೊಸ ಆರ್‌ಡಿಗೆ ಬಡ್ಡಿ ಶೇ. 5.8. ಒಂದು ತಿಂಗಳ ಹಿಂದೆ ತೆರೆದಿದ್ದರೆ 7.2 ಸಿಗುತ್ತಿತ್ತು. ಏಪ್ರಿಲ್ 1ಕ್ಕೆ ಸಣ್ಣ ಉಳಿತಾಯದ ಬಡ್ಡಿಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಸರ್ಕಾರ ಇಳಿಸಿತ್ತು.

ತಮ್ಮ, ಅಮ್ಮ ಮಾಡಿದ್ದು

ಆಟೋ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿತು. ರಿಸರ್ವ್ ಬ್ಯಾಂಕ್ ಮೊದಲು ಮಾರ್ಚ್‌ನಿಂದ ಮೇವರೆಗೆ, ಆಮೇಲೆ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ತಮ್ಮ ಆರು ತಿಂಗಳೂ ತೆಗೆದುಕೊಂಡ. ಕಂತು ಮಾಫಿ ಅಂತ ಅವನು ತಿಳಿದಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೇ ತಿಳಿದಿದ್ದರಂತೆ.

ಮಾಫಿ ಅಲ್ಲ. ಆರು ತಿಂಗಳ ಬಡ್ಡಿ 10,811 ರೂಪಾಯಿ ಅಸಲಿಗೆ ಸೇರಿ, ಬಾಕಿ 1,60,811 ಆಯಿತು. ಕಂತು ಅಷ್ಟೇ ಇಟ್ಟುಕೊಂಡರೆ 36ರ ಬದಲು 39 ಕಂತು ಮತ್ತೆ ಚಿಲ್ಲರೆ. ಕೊನೆಗೆ ಜಾಸ್ತಿ ಕಟ್ಟಬೇಕಾದದ್ದು ಹತ್ತಿರ ಹತ್ತಿರ 16,800. ಬಡ್ಡಿ ಮೇಲಿನ ಬಡ್ಡಿಯನ್ನು ಸರ್ಕಾರ ತಾನೇ ಕೊಡುತ್ತೇನೆ ಅಂತ ಅಕ್ಟೋಬರ್‌ನಲ್ಲಿ ಹೇಳಿತು. ನವೆಂಬರ್ ಮೊದಲ ವಾರ ಅವನ ಸಾಲದ ಖಾತೆಗೆ ಜಮೆ ಆದದ್ದು 311 ರೂಪಾಯಿ. ಲೆಕ್ಕ ಸರಿಯಾಗೇ ಇದೆ, ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸ ಅಷ್ಟೇ. ಆದರೆ ಆ ಮೆಸೇಜು ತೋರಿಸುವಾಗ ಅವನು ನಗುತ್ತಿದ್ದ.

ಮೇ 6ಕ್ಕೆ ರಾಜ್ಯ ಸರ್ಕಾರ 1,610 ಕೋಟಿಯ ಪರಿಹಾರ ಹೇಳಿತು. ಆಟೋ, ಟ್ಯಾಕ್ಸಿ ಓಡಿಸುವವರಿಗೆ, ಕ್ಷೌರಿಕರಿಗೆ, ಬಟ್ಟೆ ಒಗೆಯುವವರಿಗೆ ಒಂದು ಸಲಕ್ಕೆ 5,000. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ತಮ್ಮ ಅರ್ಜಿ ಹಾಕಿದ. ಲೈಸೆನ್ಸಿನಲ್ಲಿ ಹೆಸರಿನ ಹಿಂದೆ ಅಪ್ಪನ ಇನಿಶಿಯಲ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅರ್ಜಿ ಅಲ್ಲೇ ನಿಂತಿತು. ಆ 5,000 ಬರಲೇ ಇಲ್ಲ. ಮುಂದಿನ ವರ್ಷ ಎರಡನೇ ಅಲೆಯಲ್ಲಿ ಕೊಟ್ಟ 3,000 ಬಂತು, ಅಷ್ಟು ಹೊತ್ತಿಗೆ ಆಧಾರ್ ತಿದ್ದಿಸಿದ್ದ.

ಅಮ್ಮನ ಹೂವು ಏಪ್ರಿಲ್‌ನಲ್ಲಿ ಗಿಡದಲ್ಲೇ ಒಣಗಿತು. ಮದುವೆ ಇಲ್ಲ, ದೇವಸ್ಥಾನ ಇಲ್ಲ, ಮಾರ್ಕೆಟ್ ಇಲ್ಲ. ಕಿತ್ತರೆ ಕಿತ್ತ ಕೂಲಿಯೂ ದಂಡ ಅಂತ ಟ್ರ್ಯಾಕ್ಟರ್ ಬಿಟ್ಟು ಉಳುಮೆ ಮಾಡಿಸಿದರು. ಅರ್ಧ ಎಕರೆಗೆ ಪರಿಹಾರ ಐದು ಸಾವಿರ ಚಿಲ್ಲರೆ, ಅದು ಬಂತು. ಅದರಲ್ಲಿ ಸೇವಂತಿಗೆ ಸಸಿ ತಂದು ನೆಟ್ಟರು. ಆಯುಧಪೂಜೆ ಹೊತ್ತಿಗೆ ಮೊದಲ ಬುಟ್ಟಿ ಹೂವು ಹೋಯಿತು.

ಮೇ ಕೊನೆಯಲ್ಲಿ ತಮ್ಮ ಹಳ್ಳಿಗೆ ಹೋಗಿ ಅಮ್ಮನ ಜಾಬ್ ಕಾರ್ಡ್‌ನಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಇಳಿದ. ದಿನಕ್ಕೆ 275. ಮೊದಲ ದಿನ ಮುಖಕ್ಕೆ ಟವಲ್ ಸುತ್ತಿಕೊಂಡಿದ್ದ, ಮಾಸ್ಕ್ ನೆಪ ಇತ್ತಲ್ಲ. ನಾಲ್ಕನೇ ದಿನ ಪಕ್ಕದಲ್ಲಿ ಬದು ಹಾಕುತ್ತಿದ್ದವನು ನೋಡಿದರೆ ಬೆಂಗಳೂರಿನಿಂದ ವಾಪಸ್ ಬಂದ ಡಿಗ್ರಿ ಹುಡುಗ. ಟವಲ್ ಬಿಚ್ಚಿದ. 24 ದಿನ ಮಾಡಿದ, 6,600 ಬಂತು. ಆ ವರ್ಷ ಖಾತ್ರಿಗೆ ಬಜೆಟ್‌ನಲ್ಲಿ ಇಟ್ಟಿದ್ದು 61,500 ಕೋಟಿ, ಕೊನೆಗೆ ಖರ್ಚಾದದ್ದು 1.11 ಲಕ್ಷ ಕೋಟಿ. ಮೇ 12ರಂದು ಹೇಳಿದ 20 ಲಕ್ಷ ಕೋಟಿ ಪ್ಯಾಕೇಜಿನಲ್ಲಿ ನಮಗೆಷ್ಟು ಅಂತ ತಮ್ಮ ನನ್ನನ್ನು ಕೇಳಿದ್ದ. ಅದರಲ್ಲಿ ತುಂಬಾ ಪಾಲು ಬ್ಯಾಂಕುಗಳಿಗೆ ಸಿಗುವ ಹಣ, ಸಾಲಕ್ಕೆ ಸರ್ಕಾರದ ಗ್ಯಾರಂಟಿ, ಹೀಗೆ. ಅವನ ಕೈಗೆ ಮುಟ್ಟಿದ್ದು ಈ ಗುದ್ದಲಿ ಕೆಲಸವೇ.

ಕೌಂಟರ್‌ನಲ್ಲಿ ಒಂದು ಬೆಳಿಗ್ಗೆ

ಜೂನ್‌ನಲ್ಲಿ ಜನಧನ್ ಖಾತೆ ಇರುವ ಹೆಂಗಸರಿಗೆ ಮೂರನೇ ಕಂತು 500 ರೂಪಾಯಿ ಬಂದಿತ್ತು. ಖಾತೆ ಯಾವ ಬ್ಯಾಂಕಿನಲ್ಲಿದ್ದರೂ ಸರಿ, ಪೋಸ್ಟ್ ಆಫೀಸಿನಲ್ಲಿ ಬೆರಳು ಒತ್ತಿ ತೆಗೆಯಬಹುದು. ಒಂದು ಬೆಳಿಗ್ಗೆ ಸಾಲಿನಲ್ಲಿ ಆ ಮನೆಗೆಲಸದ ಹೆಂಗಸು ನಿಂತಿದ್ದರು.

ಬೆರಳು ಹತ್ತಲಿಲ್ಲ. ಸ್ಯಾನಿಟೈಸರ್ ಹಾಕಿದ ಒದ್ದೆ ಕೈ ಅಂತ ಒರೆಸಿ ಮತ್ತೆ ಇಟ್ಟರು. ಹತ್ತಲಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದಿತ್ತು. "ಅಮ್ಮೋರೆ, ನಿಮ್ಮನೆ ಪಾತ್ರೆ ಬಿಟ್ಟು ಮೂರು ತಿಂಗಳಾಯ್ತು, ಇನ್ನೂ ಬಂದಿಲ್ಲ ನೋಡಿ ಗೆರೆ" ಅಂದರಂತೆ. ಚುಚ್ಚಬೇಕು ಅಂತ ಹೇಳಿದ್ದಲ್ಲ, ಸುಮ್ನೆ ಹೇಳಿದ್ದು. ಆರನೇ ಸಲ ಉಂಗುರದ ಬೆರಳು ಹತ್ತಿತು. ಅಕ್ಕ ಐನೂರರ ಒಂದು ನೋಟು ಕೊಟ್ಟರು.

ಅವತ್ತು ಸಂಜೆ ಫೋನ್ ಮಾಡಿದ್ದರು. "ನಾನು ಕೊಡ್ತಿದ್ದ 1,800 ಆರ್‌ಡಿಗೆ ಹೋಗ್ತಿದೆ ಸಾರ್. ಆ ಆರ್‌ಡಿ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನಮಗೆ ಟ್ರೈನಿಂಗ್‌ನಲ್ಲೇ ಹೇಳಿಕೊಟ್ಟಿದಾರೆ. ಸರ್ಕಾರಕ್ಕೆ ಸಾಲವಾಗಿ ಹೋಗುತ್ತೆ. ಸರ್ಕಾರ ಆ ಸಾಲದಲ್ಲಿ ಅವರಿಗೆ 500 ಕೊಟ್ಟಿದೆ. ಅದನ್ನೂ ನನ್ನ ಕೈಲೇ ಕೊಡಿಸಿದೆ."

ಇದು ನಿಜ. ಪೋಸ್ಟ್ ಆಫೀಸಿನ ಉಳಿತಾಯವೆಲ್ಲ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಸೇರುತ್ತದೆ, ಅಲ್ಲಿಂದ ಹೆಚ್ಚಿನ ಪಾಲು ಸರ್ಕಾರಕ್ಕೆ ಸಾಲ. ಸರ್ಕಾರದ ಸಾಲ ಅಂದಾಗ ನಾವು ಎಲ್ಲೋ ವಿದೇಶದಲ್ಲಿ ಕೂತ ಸಾಹುಕಾರನನ್ನು ನೆನೆಯುತ್ತೇವೆ. ಆ ಸಾಹುಕಾರರಲ್ಲಿ ಒಬ್ಬರು ನಮ್ಮ ತಾಲ್ಲೂಕಿನ ಈ ಅಕ್ಕ.

ಆ ವರ್ಷ ನಡೆದದ್ದೂ ಅದೇ ಅಲ್ವಾ? ಸಂಬಳ ಇದ್ದವರೆಲ್ಲ ಕೈ ಬಿಗಿ ಹಿಡಿದರು. ಹಾಗೆ ಹಿಡಿದ ದುಡ್ಡನ್ನು ಯಾರಾದರೂ ಸಾಲ ತೆಗೆದು ಖರ್ಚು ಮಾಡದಿದ್ದರೆ ಅದು ಪಾಸ್‌ಬುಕ್ಕಿನಲ್ಲೇ ಕೂರುತ್ತದೆ. ಹಾಲಿನವನಿಗೆ, ಟೈಲರ್‌ಗೆ, ಗಾರೆಯವನಿಗೆ ಬರುವುದಿಲ್ಲ. ವ್ಯಾಪಾರದವರು ಸಾಲ ತೆಗೆಯುವ ಸ್ಥಿತಿಯಲ್ಲಿ ಇರಲಿಲ್ಲ. ಉಳಿದದ್ದು ಸರ್ಕಾರ. ಬಜೆಟ್‌ನಲ್ಲಿ 7.8 ಲಕ್ಷ ಕೋಟಿ ಸಾಲ ಎತ್ತುತ್ತೇನೆ ಅಂದಿದ್ದ ಕೇಂದ್ರ, ಮೇ ತಿಂಗಳಲ್ಲೇ ಅದನ್ನು 12 ಲಕ್ಷ ಕೋಟಿಗೆ ಏರಿಸಿತು. ಆ ಸುದ್ದಿ ಓದಿದಾಗ ನಾನೂ "ಅಯ್ಯೋ, ಮೊಮ್ಮಕ್ಕಳ ಮೇಲೆ ಹೊರೆ" ಅಂದಿದ್ದೆ.

ಜುಲೈನ ಎರಡನೇ ಪಟ್ಟಿ

ಅಕ್ಕ ಅದೇ ಡೈರಿಯಲ್ಲಿ ಹೊಸ ಪುಟ ತೆಗೆದರು. ಎಲ್ಲವನ್ನೂ ಮೊದಲಿನಂತೆ ಮಾಡಲಿಲ್ಲ, ಮಾಡುವ ಹಾಗೂ ಇರಲಿಲ್ಲ. ಗಂಡನಿಗೆ ಅರ್ಧ ಸಂಬಳವೇ ಬರುತ್ತಿತ್ತು. ಹಾಲು ಅರ್ಧ ಲೀಟರ್‌ಗೇ ನಿಂತಿತು. ಆದರೆ ಮನೆಗೆಲಸದವರನ್ನು ವಾಪಸ್ ಕರೆದರು, ಹೊಸ ಆರ್‌ಡಿಗೆ 5,000 ಕಟ್ಟುವುದು ನಿಲ್ಲಿಸಿದರು. ಕಾಂಪೌಂಡ್ ಕೆಲಸ ಶುರು ಮಾಡಿಸಲು ಹೋದರೆ ಮೊದಲು ಮಾತಾಡಿದ್ದ ಗಾರೆಯವರು ರಾಯಚೂರಿನ ಕಡೆ ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಏಪ್ರಿಲ್‌ನಲ್ಲಿ ಕೆಲಸ ಇಲ್ಲ ಅಂದಿದ್ದು ನಾವೇ. ಬೇರೆಯವರು ಸಿಕ್ಕಿದ್ದು ಸೆಪ್ಟೆಂಬರ್‌ಗೆ, ಮೊದಲಿಗಿಂತ ಜಾಸ್ತಿ ಕೂಲಿಗೆ. 60,000ಕ್ಕೆ ಮೂರು ಅಡಿ ಗೋಡೆ ಎದ್ದಿತು.

ದೊಡ್ಡ ನಿರ್ಧಾರ ತಮ್ಮನದು. ಸೆಪ್ಟೆಂಬರ್‌ನಲ್ಲಿ ಕಂತು ಮತ್ತೆ ಶುರುವಾಯಿತು, ಬಾಡಿಗೆ ಮೊದಲಿನ ಅರ್ಧವೂ ಇಲ್ಲ. ಇನ್ಶೂರೆನ್ಸ್ ಮುಗಿದಿತ್ತು, ಎರಡು ಟೈರು ಹೋಗಿದ್ದವು. ಒಬ್ಬರ ಹತ್ತಿರ ನೂರಕ್ಕೆ ಐದು ರೂಪಾಯಿ ಬಡ್ಡಿಗೆ 30,000 ಮಾತಾಡಿಕೊಂಡು ಬಂದಿದ್ದ. ತಿಂಗಳಿಗೆ ಬಡ್ಡಿಯೇ 1,500, ಅಂದರೆ ವರ್ಷಕ್ಕೆ ಶೇ. 60, ಅಸಲು ಹಾಗೇ ನಿಂತಿರುತ್ತದೆ.

ಅಕ್ಕನ ಹತ್ತಿರ ಎರಡು ವರ್ಷದ ಹಿಂದೆ ತೆರೆದ ಇನ್ನೊಂದು ಆರ್‌ಡಿ ಇತ್ತು. ತಿಂಗಳಿಗೆ 3,000, ಬಡ್ಡಿ ಶೇ. 7.3. ಅದರಲ್ಲಿ ಕಟ್ಟಿದ್ದರ ಅರ್ಧದವರೆಗೆ ಸಾಲ ತೆಗೆಯಬಹುದು, ಬಡ್ಡಿ ಅದರ ಮೇಲೆ 2 ಸೇರಿ ಶೇ. 9.3. ಒಂದೇ ಮನೆಯಲ್ಲಿ ಅಕ್ಕನ ದುಡ್ಡು 5.8ಕ್ಕೆ ಕೂತಿದೆ, ತಮ್ಮ 14ಕ್ಕೆ ಸಾಲ ಕಟ್ಟುತ್ತಿದ್ದಾನೆ, ಈಗ 60ಕ್ಕೆ ಇನ್ನೊಂದು ತೆಗೆಯಲು ಹೊರಟಿದ್ದಾನೆ. ಆರ್‌ಡಿ ಮೇಲೆ 30,000 ಸಾಲ ತೆಗೆದರು. ತಿಂಗಳ ಬಡ್ಡಿ 232 ರೂಪಾಯಿ. ಮೂರು ಕಂತಿಗೆ 15,381 ನೇರ ಫೈನಾನ್ಸ್‌ಗೆ, ಉಳಿದದ್ದು ಇನ್ಶೂರೆನ್ಸ್‌ಗೆ, ಟೈರಿಗೆ. ತಮ್ಮ ತಿಂಗಳಿಗೆ 1,500 ಅಕ್ಕನಿಗೆ ಕೊಡಬೇಕು ಅಂತ ಮಾತಾಯಿತು. ಬಡ್ಡಿಗೇ ಹೋಗಬೇಕಿದ್ದ 1,500ರಲ್ಲಿ ಅಸಲೇ ಕರಗತೊಡಗಿತು.

ಇದು ಸುಲಭವಾಗಿ ಆಗಲಿಲ್ಲ. "ನಿಮ್ಮ ತಮ್ಮನ ಸಾಲಕ್ಕೆ ನಮ್ಮ ಮಕ್ಕಳ ದುಡ್ಡಾ?" ಅಂತ ಗಂಡ ಎರಡು ವಾರ ಮಾತು ಬಿಟ್ಟಿದ್ದರು. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ತಮ್ಮ ಕೊಡದೇ ಹೋಗಿದ್ದರೆ ನಾನು ಈ ಕಥೆಯನ್ನು ಬೇರೆ ಥರ ಹೇಳುತ್ತಿದ್ದೆ.

ಅದೇ ಹೊತ್ತಿಗೆ ದೆಹಲಿಯಲ್ಲೂ ಇದೇ ಜಗಳ ನಡೆಯುತ್ತಿತ್ತು. ಜಿಎಸ್‌ಟಿಯಲ್ಲಿ ರಾಜ್ಯಗಳಿಗೆ ಆದ ನಷ್ಟಕ್ಕೆ ಪರಿಹಾರ ಕೊಡಲು ದುಡ್ಡಿಲ್ಲ, ರಾಜ್ಯಗಳೇ ಸಾಲ ಮಾಡಿಕೊಳ್ಳಲಿ ಅಂತ ಆಗಸ್ಟ್‌ನಲ್ಲಿ ಕೇಂದ್ರ ಹೇಳಿತು. ಹಲವು ರಾಜ್ಯಗಳು ಒಪ್ಪಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಕೇಂದ್ರವೇ 1.10 ಲಕ್ಷ ಕೋಟಿ ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಲು ಒಪ್ಪಿತು. ಕೇಂದ್ರಕ್ಕೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ಅಕ್ಕನ 9.3, ತಮ್ಮನ 60 ನೋಡಿದ್ದರಿಂದ ನನಗೆ ಈ ಸುದ್ದಿ ಒಂದೇ ಓದಿಗೆ ಅರ್ಥವಾಯಿತು. ಯಾರಿಗೆ ಕಡಿಮೆ ಬಡ್ಡಿಗೆ ಸಾಲ ಹುಟ್ಟುತ್ತದೋ ಅವರೇ ಎತ್ತಬೇಕು. ಅವರು ಕೈ ಕಟ್ಟಿ ಕೂತರೆ ಸಾಲ ತಪ್ಪುವುದಿಲ್ಲ, ನೂರಕ್ಕೆ ಐದರವನ ಹತ್ತಿರ ಹೋಗುತ್ತದೆ ಅಷ್ಟೇ.

ಕರ್ನಾಟಕವೂ ಸೆಪ್ಟೆಂಬರ್‌ನಲ್ಲಿ ತನ್ನದೇ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ತಿದ್ದುಪಡಿ ಮಾಡಿ, ಸಾಲದ ಮಿತಿಯನ್ನು ಆ ವರ್ಷಕ್ಕೆ ರಾಜ್ಯದ ಉತ್ಪನ್ನದ ಶೇ. 3ರಿಂದ 5ಕ್ಕೆ ಏರಿಸಿಕೊಂಡಿತು. ಮುಂದಿನ ವರ್ಷದ ಬಜೆಟ್‌ನಲ್ಲಿ 71,332 ಕೋಟಿ ಸಾಲ, 15,134 ಕೋಟಿ ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚಿಗೇ ಆದಾಯ ಸಾಲದ ಮೊತ್ತ. 2004-05ರಿಂದ ಉಳಿಕೆ ತೋರಿಸುತ್ತಾ ಬಂದಿದ್ದ ರಾಜ್ಯ ಇದು. ಈ ಸಾಲ ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಟೈರಿಗೆ ಹೋದ ಸಾಲ ಬೇರೆ, ಹಬ್ಬದ ಪಟಾಕಿಗೆ ಹೋದ ಸಾಲ ಬೇರೆ.

ತ್ಯಾಗದ ಲೆಕ್ಕ

2020ರ ಅಕ್ಟೋಬರ್ 12ಕ್ಕೆ ಒಂದು ಮಜಾ ಆಯಿತು. ಏಪ್ರಿಲ್‌ನಲ್ಲಿ ಡಿಎ ನಿಲ್ಲಿಸಿದ ಅದೇ ಸಚಿವಾಲಯ, ನೌಕರರು ಖರ್ಚು ಮಾಡಲಿ ಅಂತ ಯೋಜನೆ ತಂದಿತು. ಬಡ್ಡಿ ಇಲ್ಲದ 10,000 ಹಬ್ಬದ ಮುಂಗಡ ರುಪೇ ಕಾರ್ಡಿನಲ್ಲಿ, ವಾಪಸ್ ಹತ್ತು ಕಂತಿನಲ್ಲಿ. ಪ್ರವಾಸ ರಿಯಾಯಿತಿಯ ಬದಲು ನಗದು, ಆದರೆ ಪ್ರಯಾಣ ದರದ ಮೂರು ಪಟ್ಟು ದುಡ್ಡಿಗೆ ಶೇ. 12 ಅಥವಾ ಅದಕ್ಕಿಂತ ಜಾಸ್ತಿ ಜಿಎಸ್‌ಟಿ ಇರುವ ಸಾಮಾನು ಕೊಳ್ಳಬೇಕು. ಅಕ್ಕ ಮುಂಗಡ ತೆಗೆದುಕೊಂಡರು, ಎರಡನೆಯದು ಬಿಟ್ಟರು. "ಬೇಡದ ಫ್ರಿಜ್ ಕೊಂಡು ದೇಶ ಉಳಿಸೋದು ನನ್ನ ಕೈಲಾಗಲ್ಲ" ಅಂದರು.

2021ರ ಏಪ್ರಿಲ್ 1 ಕೂಡ ನೆನಪಿದೆ. ಹಿಂದಿನ ರಾತ್ರಿ ಸಣ್ಣ ಉಳಿತಾಯದ ಬಡ್ಡಿ ಮತ್ತೆ ಇಳಿಸಿದ ಆದೇಶ ಬಂದಿತ್ತು. ಬೆಳಗಾಗುವಷ್ಟರಲ್ಲಿ ಅದು ಕಣ್ತಪ್ಪಿನಿಂದ ಆದದ್ದು, ವಾಪಸ್ ಪಡೆಯುತ್ತೇವೆ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಕೌಂಟರ್‌ಗೆ ಬಂದ ಪಿಂಚಣಿದಾರರು ಅಕ್ಕನನ್ನೇ ಕೇಳುತ್ತಿದ್ದರಂತೆ, "ಏನಮ್ಮ, ಏಪ್ರಿಲ್ ಫೂಲಾ?"

2021ರ ಜುಲೈನಲ್ಲಿ ಡಿಎ ಒಂದೇ ಸಲಕ್ಕೆ ಶೇ. 28 ಆಯಿತು. 18 ತಿಂಗಳ ಬಾಕಿ ಮಾತ್ರ ಬರಲಿಲ್ಲ. ಅಕ್ಕನ ಲೆಕ್ಕ ಹೀಗಿತ್ತು: ಆರು ತಿಂಗಳು 1,440ರಂತೆ, ಆರು ತಿಂಗಳು 2,520ರಂತೆ, ಆರು ತಿಂಗಳು 3,960ರಂತೆ, ಒಟ್ಟು 47,520. ಇಡೀ ದೇಶದಲ್ಲಿ ಹೀಗೆ ಉಳಿದದ್ದು 34,402 ಕೋಟಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು.

ಬಾಕಿ ಕೊಡಬೇಕಿತ್ತಾ? ನಾನು ಇಲ್ಲಿ ಅಕ್ಕನ ಜೊತೆ ಪೂರ್ತಿ ಒಪ್ಪುವುದಿಲ್ಲ. ತಿಂಗಳ ಒಂದನೇ ತಾರೀಕು ಸಂಬಳ ತಪ್ಪದೆ ಬಂದವರು ಸ್ವಲ್ಪ ಬಿಟ್ಟುಕೊಟ್ಟದ್ದು ಅನ್ಯಾಯ ಅಂತ ನನಗೆ ಅನಿಸಲ್ಲ. ಅಕ್ಕನಿಗೂ ಬಿಟ್ಟುಕೊಟ್ಟದ್ದಕ್ಕೆ ಬೇಜಾರಿಲ್ಲ. "ಹೂವಿನವರಿಗೆ ಕೊಟ್ವಿ ಅನ್ನಲಿ, ಖಾತ್ರಿಗೆ ಹಾಕಿದ್ವಿ ಅನ್ನಲಿ. ಎಲ್ಲಿ ಹೋಯ್ತು ಅಂತ ಹೇಳೋರೇ ಇಲ್ಲ" ಅನ್ನುವುದು ಅವರ ಮಾತು. ಮನೆಗೆಲಸದವರು ಬಿಟ್ಟದ್ದನ್ನಂತೂ ಯಾವ ಸಂಸತ್ತಿಗೂ ಯಾರೂ ಹೇಳಲಿಲ್ಲ. ಮೂರು ತಿಂಗಳು, 5,400 ರೂಪಾಯಿ. ಸರ್ಕಾರ ತುಂಬಿಕೊಟ್ಟದ್ದು 1,500. ಉಳಿದ 3,900ಕ್ಕೆ ಅವರು ಕಿವಿಯ ಓಲೆ ಅಡ ಇಟ್ಟಿದ್ದರು ಅಂತ ಅಕ್ಕನಿಗೆ ಗೊತ್ತಾದದ್ದು ಒಂದು ವರ್ಷದ ಮೇಲೆ.

ತಮ್ಮ ಎರಡನೇ ಅಲೆಯಲ್ಲಿ ಎರಡು ತಿಂಗಳು ತಪ್ಪಿಸಿದ. ಅದು ಬಿಟ್ಟರೆ ಎರಡು ವರ್ಷದಲ್ಲಿ ಅಕ್ಕನ ಸಾಲ ತೀರಿಸಿದ. ಫೈನಾನ್ಸ್ ಸಾಲ 2023ರ ಫೆಬ್ರವರಿಗೆ ಮುಗಿಯಬೇಕಿತ್ತು, ಡಿಸೆಂಬರ್‌ಗೆ ಮುಗಿಯಿತು.

ಸಂಘದ ಹೆಂಗಸರಿಗೆ ಈ ಕಥೆ ಹೇಳುವಾಗ ಆ ಡೈರಿಯ ಎರಡು ಪುಟಗಳ ಜೆರಾಕ್ಸ್ ಕೈಯಿಂದ ಕೈಗೆ ಕೊಡುತ್ತೇನೆ. ಏಪ್ರಿಲ್ ಪುಟದಲ್ಲಿ "ಮನೆಗೆಲಸ 1,800" ಅಂತ ಬರೆದು ಅಡ್ಡಗೆರೆ ಎಳೆದಿದೆ. ಜುಲೈ ಪುಟದಲ್ಲಿ ಮೊದಲ ಸಾಲೇ ಅದು: "ಮನೆಗೆಲಸ 2,000." ಕೊನೆಯ ಸಾಲು ಕಾಂಪೌಂಡಿನದು. ಅದು ಪೂರ್ತಿ ಆಯ್ತಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಇಲ್ಲ, ಇನ್ನೂ ಮೂರೇ ಅಡಿ.